ಮೈಗಳ್ಳ ಎಂಬ ಮಾತು

ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಗುಬ್ಬಿಯ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಕರಿಬಸವಯ್ಯ ಹಿಡಿ ತುಂಬ ಸಾಸಿವೆ ಇಟ್ಟುಕೊಂಡು ಬಾಣಲೆಯ ಮುಂದೆ ಸುಮ್ಮನೆ ನಿಂತಿದ್ದರು. ಮೂವತ್ತು ವರ್ಷಗಳಿಂದ ಮದುವೆ ಮನೆಗಳಲ್ಲಿ ಅಡುಗೆ ಮಾಡಿದ ಕೈ ಅದು. ಇವತ್ತು ಆ ಸಾಸಿವೆಯನ್ನು ಎಣ್ಣೆಗೆ ಬಿಡುವುದೇ ತಮ್ಮಿಂದಾಗದ ಕೆಲಸವೆನಿಸಿತು.

"ಅಯ್ನೋರೆ, ಎಣ್ಣೆ ಸೀದೋಗ್ತೈತೆ," ಪಾತ್ರೆ ತೊಳೆಯುತ್ತಿದ್ದ ಹೆಂಗಸು ಹೇಳಿದಳು.

ಅವರು ಸಾಸಿವೆಯನ್ನು ತಟ್ಟೆಗೆ ಸುರಿದು ಹಿಂದಿನ ಕೋಣೆಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕುಳಿತರು. ಕಣ್ಣಲ್ಲಿ ನೀರು ಸುರಿಯತೊಡಗಿತು. ಯಾಕೆಂದು ಅವರಿಗೇ ತಿಳಿಯಲಿಲ್ಲ.

ಅಲ್ಲಿಂದ ಎರಡು ತಿಂಗಳು ಅವರು ಯಾವ ಮದುವೆಯನ್ನೂ ಒಪ್ಪಿಕೊಳ್ಳಲಿಲ್ಲ. ಬೆಳಗಿನ ಜಾವವೇ ಎಚ್ಚರವಾಗುತ್ತಿತ್ತು, ಆದರೆ ಹೊತ್ತು ನೆತ್ತಿಗೇರಿದರೂ ಏಳುವ ತ್ರಾಣವಿರುತ್ತಿರಲಿಲ್ಲ. ಊಟ ಮಣ್ಣು ತಿಂದಂತಿತ್ತು. ಫೋನು ಮಾಡಿದವರಿಗೆಲ್ಲ ಹೆಂಡತಿ ಸರ್ವಮಂಗಳಮ್ಮ ಕಾಮಾಲೆ ಎಂದು ಹೇಳಿದರು. ಮಠದಿಂದ ವಿಭೂತಿ ತಂದು ಹಚ್ಚಿದರು. ಕೊನೆಗೆ ಅವರಿಗೂ ಸಾಕಾಯಿತು.

"ನಿಮ್ಗೇನು ಕಮ್ಮಿ ಆಗೈತೆ ಹೇಳಿ? ಮಗ ಸೊಸೆ ಇಬ್ರೂ ದುಡೀತಾರೆ. ಎದ್ದು ಸ್ನಾನ ಮಾಡಿ ನಾಲ್ಕು ಜನದ ಜೊತೆ ಕೂತ್ರೆ ಎಲ್ಲ ಸರಿಹೋಗ್ತದೆ."

ಕರಿಬಸವಯ್ಯನವರಿಗೂ ಹಾಗೇ ಅನ್ನಿಸುತ್ತಿತ್ತು. ಏನೂ ಕಡಿಮೆಯಿಲ್ಲದೆ ಹೀಗೆ ಬಿದ್ದಿರುವವನು ಸೋಮಾರಿಯಲ್ಲದೆ ಮತ್ತೇನು? ಅದನ್ನು ನೆನೆದು ಇನ್ನಷ್ಟು ಕುಗ್ಗುತ್ತಿದ್ದರು.

"ನಾನೊಬ್ಬ ಇಲ್ದಿದ್ರೆ ಈ ಮನೆಗೆ ಏನೂ ಆಗಲ್ಲ ಕಣೇ. ನೀವೆಲ್ಲ ಹಗುರಾಗ್ತೀರಿ," ಎಂದರು ಒಂದು ಬೆಳಗ್ಗೆ ಹೆಂಡತಿಗೆ, ಹಾಲಿನವನು ಬಂದು ಹೋದ ಎಂದು ಹೇಳುವಷ್ಟೇ ಸಾಧಾರಣವಾಗಿ.

ತುಮಕೂರು ಹತ್ತಿರದ ಸತ್ಯಮಂಗಲದ ಕಾರ್ಖಾನೆಯ ಕೆಲಸಕ್ಕೆ ಹೊರಟು ಡಬ್ಬಿಗೆ ಅನ್ನ ತುಂಬುತ್ತಿದ್ದ ಸೊಸೆ ಭೂಮಿಕಾಳ ಕೈ ನಿಂತಿತು. ಅವಳು ಫೋನು ಮಾಡಿ ರಜೆ ಹೇಳಿದಳು. "ಮಾವ, ಎದ್ದು ಬಟ್ಟೆ ಹಾಕ್ಕೊಳಿ. ತುಮಕೂರಿಗೆ ಹೋಗಿ ಬರೋಣ." ವಾದ ಮಾಡುವ ಶಕ್ತಿಯೂ ಇಲ್ಲದ್ದರಿಂದ ಅವರು ಎದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದ ಮುಂದಿನ ಬೆಂಚು ತುಂಬಿತ್ತು. ಗುರುತಿನವರು ಕಂಡಾರೆಂದು ಕರಿಬಸವಯ್ಯ ಟವೆಲನ್ನು ತಲೆಯ ಮೇಲೆಳೆದುಕೊಂಡರು. ಭೂಮಿಕಾ ಚೀಟಿ ಮಾಡಿಸಲು ಹೋದಳು.

"ಅಯ್ನೋರೆ, ನೀವಾ?"

ಪಕ್ಕದಲ್ಲಿ ಕೂತಿದ್ದವನು ಜುಂಜಪ್ಪ. ಕುಣಿಗಲ್ ಕಡೆಯವನು. ಆರು ವರ್ಷ ಇವರ ತಂಡದಲ್ಲಿ ತರಕಾರಿ ಹೆಚ್ಚಿ, ಕೊಳಗ ಹೊತ್ತವನು. ನಾಲ್ಕು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸೋರೆಕಾಯಿ ರಾಶಿಯ ಮುಂದೆ ಚಾಕು ಹಿಡಿದು ಮಂಕಾಗಿ ಕುಳಿತುಬಿಟ್ಟಿದ್ದ. ಎಂಟು ನೂರು ಎಲೆಯ ಊಟ, ಹೊತ್ತು ಮೀರುತ್ತಿತ್ತು. ಕರಿಬಸವಯ್ಯ ಎಲ್ಲರೆದುರಿಗೆ ಮೈಗಳ್ಳ ಎಂದು ಬೈದು ಕಳಿಸಿದ್ದರು. ಆಮೇಲೆ ಅವನು ಏನಾದ ಎಂದು ವಿಚಾರಿಸಿರಲಿಲ್ಲ.

"ಅವತ್ತು ನಿಂಗೆ ಇದೇನಾ ಆಗಿದ್ದು?" ಎಂದು ಕರಿಬಸವಯ್ಯ ಕೇಳಿದರು.

"ಹೂಂ. ಆದ್ರೆ ನಂಗೂ ಗೊತ್ತಿರ್ಲಿಲ್ಲ ಅಯ್ನೋರೆ. ನಾನೂ ಮೈಗಳ್ಳ ಅಂತ್ಲೇ ತಿಳ್ಕೊಂಡಿದ್ದೆ. ಒಂದ್ಸಲ ಕೆರೆ ಏರಿ ಮೇಲಿಂದ ನನ್ನ ಎಳ್ಕೊಂಡು ಬಂದವ್ರು ಇಲ್ಲಿಗೆ ಸೇರಿಸಿದ್ರು."

ಕರಿಬಸವಯ್ಯ ತಲೆಯ ಮೇಲಿನ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಜುಂಜಪ್ಪ ತನ್ನ ತಪಾಸಣೆ ಮುಗಿದರೂ ಇವರ ಸರದಿ ಬರುವವರೆಗೆ ಪಕ್ಕದಲ್ಲೇ ಕೂತ. ಹೊರಡುವಾಗ ಭೂಮಿಕಾಳ ಫೋನಿನಲ್ಲಿ ತನ್ನ ನಂಬರ್ ಬರೆಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿದ್ದೆ, ಊಟದ ಬಗ್ಗೆ ಕೇಳಿದ ಮೇಲೆ, "ಸತ್ತೋಗ್ಬೇಕು ಅನ್ಸುತ್ತಾ?" ಎಂದು ನೇರವಾಗಿಯೇ ಕೇಳಿದರು. ಕರಿಬಸವಯ್ಯ ಹೌದೆಂದು ತಲೆಯಾಡಿಸಿದರು. ಭೂಮಿಕಾ ಅವರ ತೋಳು ಹಿಡಿದುಕೊಂಡಳು.

"ಇದು ಖಿನ್ನತೆ ಅಯ್ಯನೋರೇ. ಬರೋಕೆ ಕಾರಣ ಇರ್ಲೇಬೇಕು ಅಂತೇನಿಲ್ಲ. ವಾಸಿ ಆಗುತ್ತೆ. ಮಾತ್ರೆ ಕೆಲಸ ಶುರು ಮಾಡೋಕೆ ಮೂರು ನಾಲ್ಕು ವಾರ ಹಿಡಿಯುತ್ತೆ. ಪಕ್ಕದ ರೂಮಲ್ಲಿ ಆಪ್ತಸಮಾಲೋಚಕರಿದ್ದಾರೆ, ಅವರ ಹತ್ರ ಮನಸಲ್ಲಿರೋದನ್ನ ಹೇಳ್ಕೊಳಿ. ಆರಾಮಾಯ್ತು ಅಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ. ಮಾತ್ರೆ ಹಿಡಿಯೋವರೆಗೆ ಇವರೊಬ್ಬರನ್ನೇ ಬಿಡ್ಬೇಡಮ್ಮ," ಎಂದು ಕೊನೆಯ ಮಾತನ್ನು ಭೂಮಿಕಾಳಿಗೆ ಹೇಳಿದರು. ಥೈರಾಯ್ಡ್ ನೋಡಲು ರಕ್ತ ಪರೀಕ್ಷೆಗೂ ಬರೆದುಕೊಟ್ಟರು.

ಮೊದಲ ಎರಡು ವಾರ ಬಾಯಿ ಒಣಗಿತು, ಹೊಟ್ಟೆ ತೊಳಸಿತು, ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಮಾತ್ರೆ ಬಿಸಾಡಬೇಕೆಂದಾಗ ಜುಂಜಪ್ಪ ಫೋನಿನಲ್ಲಿ, "ಇನ್ನೊಂದು ವಾರ ನೋಡಿ ಅಯ್ನೋರೆ. ನಂಗೂ ಹಿಂಗೇ ಆಗಿತ್ತು," ಎನ್ನುತ್ತಿದ್ದ. ನಾಲ್ಕನೆಯ ವಾರ ಒಂದು ಬೆಳಗ್ಗೆ ಕರಿಬಸವಯ್ಯ ಇನ್ನೊಂದು ದೋಸೆ ಕೇಳಿದರು. ಸರ್ವಮಂಗಳಮ್ಮ ಹಿಟ್ಟಿನ ಸೌಟು ಹಿಡಿದು ಅವರನ್ನೇ ನೋಡುತ್ತ ನಿಂತರು. ಆಮೇಲೂ ಕೆಲವು ದಿನ ಏಳಲಾಗಲಿಲ್ಲ. ಆದರೆ ಎದ್ದ ದಿನಗಳು ಹೆಚ್ಚಾಗತೊಡಗಿದವು.

ಮೂರನೆಯ ತಿಂಗಳ ತಪಾಸಣೆಗೆ ಅವರು ಒಬ್ಬರೇ ತುಮಕೂರಿಗೆ ಬಂದರು. ಇಬ್ಬರಿಗೂ ಅದೇ ದಿನ ಬರಲು ಹೇಳಿದ್ದರು, ಆದರೆ ಜುಂಜಪ್ಪ ಬೆಂಚಿನ ಮೇಲಿರಲಿಲ್ಲ. ಫೋನು ಸ್ವಿಚ್ ಆಫ್. ಮಾತ್ರೆ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಬಂದರೂ ಅವರ ಮನಸ್ಸು ತಡೆಯಲಿಲ್ಲ. ಗುಬ್ಬಿಯ ಬಸ್ಸು ಬಿಟ್ಟು ಕುಣಿಗಲ್ ಬಸ್ಸು ಹತ್ತಿದರು.

ಕುಣಿಗಲ್ಲಿನ ಅಂಚಿನಲ್ಲಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಜುಂಜಪ್ಪನ ತಾಯಿ ಕದರಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು.

"ಮಲಗವ್ನೆ ಸ್ವಾಮಿ. ಹದಿನೈದು ದಿನ ಆಯ್ತು. ಹುಚ್ಚಿನ ಮಾತ್ರೆ ತಿಂತಾನೆ ಅಂತ ಬೀದಿಯೋರೆಲ್ಲ ಆಡ್ಕೊಂಡ್ರು. ನಾನೇ ಇಸ್ಕೊಂಡು ಒಲೆಗಾಕ್ಬುಟ್ಟೆ. ಗಟ್ಟಿಮುಟ್ಟಾದ ಆಳು, ಹಿಂಗೆ ಬಿದ್ದಿದ್ರೆ ಮೈಗಳ್ಳ ಅನ್ನದೆ ಏನನ್ನಾನ?"

ಕರಿಬಸವಯ್ಯ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕುಳಿತರು. "ನಾನೂ ಅವನಿಗೆ ಅದೇ ಮಾತಂದಿದ್ದೆ ಕಣಮ್ಮ, ಎಲ್ಲರ ಎದುರಿಗೆ. ಆಮೇಲೆ ಅದೇ ಕಾಯಿಲೆ ನಂಗೂ ಬಂತು. ನಾನೂ ಆ ಮಾತ್ರೆ ತಿಂತಾ ಇದೀನಿ. ಅದರಿಂದ್ಲೇ ಇವತ್ತು ಇಲ್ಲೀವರೆಗೆ ಬರೋ ಹಂಗಾಯ್ತು."

ಕದರಮ್ಮ ಮೊರ ಬದಿಗಿಟ್ಟು ಬಾಗಿಲು ಬಿಟ್ಟು ಸರಿದಳು.

ಒಳಗೆ ಜುಂಜಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ. "ಹೋಗಿ ಅಯ್ನೋರೆ. ನನ್ನ ಕೈಲಾಗಲ್ಲ."

"ಆಗಲ್ಲ ಅಂತ ಗೊತ್ತು ಕಣೋ. ಅದಕ್ಕೇ ಬಂದೆ. ನೀನೇನೂ ಮಾಡ್ಬೇಡ."

ಅವರು ಅಡುಗೆಮನೆಗೆ ಹೋಗಿ ರವೆ ಎಲ್ಲಿದೆ ಎಂದು ಕೇಳಿದರು. ಎಷ್ಟೋ ದಿನದ ಮೇಲೆ ಒಲೆಯ ಮುಂದೆ ನಿಂತಿದ್ದರಿಂದ ಬೇಗ ದಣಿವಾಯಿತು. ಸೌಟನ್ನು ಕೈಯಿಂದ ಕೈಗೆ ಬದಲಿಸುತ್ತ ಉಪ್ಪಿಟ್ಟು ತಿರುವಿದರು. ತಟ್ಟೆ ತಂದು ಚಾಪೆಯ ಪಕ್ಕ ಕೂತರು. ಜುಂಜಪ್ಪ ಬಹಳ ಹೊತ್ತಿನ ಮೇಲೆ ಎದ್ದು ಕೂತು ನಾಲ್ಕು ತುತ್ತು ತಿಂದ. ಅವನು ಅಳುತ್ತಿದ್ದುದನ್ನು ಇವರು ನೋಡಿಯೂ ನೋಡದಂತಿದ್ದರು.

"ನಂದು ತಪ್ಪಾಯ್ತು ಜುಂಜಪ್ಪ. ಆಸ್ಪತ್ರೇಲೇ ಹೇಳ್ಬೇಕಾಗಿತ್ತು," ಎಂದರು.

ಕದರಮ್ಮ ಬಾಗಿಲಿಗೊರಗಿ ನಿಂತಿದ್ದಳು. ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಮಡಿಸಿದ ಕಾಗದವೊಂದನ್ನು ತಂದು ಕರಿಬಸವಯ್ಯನವರ ಕೈಗೆ ಕೊಟ್ಟಳು. ಡಾಕ್ಟರ ಚೀಟಿ.

"ಇದೊಂದನ್ನ ಸುಡಕ್ಕೆ ಮನಸ್ ಬರ್ಲಿಲ್ಲ," ಎಂದಳು. "ನಾಳೆ ತುಮಕೂರು ಬಸ್ಸು ಎಷ್ಟೊತ್ತಿಗೆ ಸ್ವಾಮಿ? ನಾನೂ ಬತ್ತೀನಿ."

"ಬೆಳಗ್ಗೆ ಏಳೂವರೆಗೆ ಐತಂತೆ," ಎಂದರು ಕರಿಬಸವಯ್ಯ. ಇವತ್ತು ಇಲ್ಲೇ ಉಳಿಯುತ್ತೇನೆಂದು ತಿಳಿಸಲು ಮನೆಗೆ ಫೋನು ಮಾಡಿದರು.