ಜಾಲಿಕೊಪ್ಪ ಕ್ರಾಸಿನ ಕೆಂಪು ದೀಪ

ಓದುಗರೇ, ನಿಜ ಹೇಳಿ: ಹಿಂದಿನ ಸಲ ನಾನು ಕೆಂಪಾಗಿದ್ದಾಗ ನೀವು ನಿಂತಿರಾ? ಅಥವಾ ಆ ಕಡೆ ಈ ಕಡೆ ಕಣ್ಣು ಹಾಯಿಸಿ, ಪೊಲೀಸರು ಇಲ್ಲವೆಂದು ಖಚಿತ ಮಾಡಿಕೊಂಡು, ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಿರಾ? ಉತ್ತರ ಕೊಡುವ ತೊಂದರೆ ಬೇಡ. ನಾನು ನೋಡಿದ್ದೇನೆ. ನೋಡುವುದೇ ನನ್ನ ಕೆಲಸ.

ನಾನು ಒಂದು ಸಿಗ್ನಲ್ ಕಂಬ. ಹೆದ್ದಾರಿಯ ನಡುವೆ, ಜಾಲಿಕೊಪ್ಪ ಕ್ರಾಸಿನಲ್ಲಿ ನಿಂತಿದ್ದೇನೆ. ಬ್ರಹ್ಮನಿಗಿದ್ದಷ್ಟೇ ಮುಖಗಳು ನನಗೂ ಇವೆ. ಆದರೆ ಅವನಿಗೆ ಸಿಕ್ಕ ಗೌರವದಲ್ಲಿ ಕಾಲು ಪಾಲೂ ನನಗೆ ಸಿಕ್ಕಿಲ್ಲ. ಮೇಜು, ಕುರ್ಚಿ, ಚಪ್ಪಲಿಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವೆ. ನಾನು ಮೇಲಿನಿಂದ ನೋಡುತ್ತೇನೆ. ಹೆಲ್ಮೆಟ್ ಇಲ್ಲದ ತಲೆಗಳೂ, ಸ್ಟಿಯರಿಂಗ್ ಮೇಲೆ ಒಂದು ಕೈ, ಮೊಬೈಲ್ ಮೇಲೆ ಇನ್ನೊಂದು ಕೈ ಇಟ್ಟವರೂ ನನಗೆ ಮರೆಯಾಗಿಲ್ಲ.

ಒಂದು ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಕಬ್ಬಿಣದ ಕೊಳವೆಯಿಂದ ನನ್ನ ಬೆನ್ನಾಯಿತು. ಪ್ರತಿಯೊಂದು ಮುಖಕ್ಕೂ ಮೂರು ದೀಪ ಕೂರಿಸಿ, ಬಿಸಿಲು ಬೀಳದಂತೆ ಅವುಗಳ ಮೇಲೆ ಹುಬ್ಬಿನಂಥ ಮರೆ ಕಟ್ಟಿದರು. ಪರೀಕ್ಷೆಗೆ ನಿಲ್ಲಿಸಿದ ದಿನ ಅಲ್ಲಿನ ಮೇಸ್ತ್ರಿ ತನ್ನ ಸಹಾಯಕನಿಗೆ ಹೇಳಿದ ಮಾತು ನನಗೆ ದೀಕ್ಷೆಯಂತೆ ಉಳಿದಿದೆ: "ಮೊದ್ಲು ಕೆಂಪು ನೋಡಪ್ಪ. ಅದು ಹತ್ತಲಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಇದ್ದೂ ದಂಡ."

ಲಾರಿಯಲ್ಲಿ ಮಲಗಿಸಿಕೊಂಡು ನನ್ನನ್ನು ಜಾಲಿಕೊಪ್ಪಕ್ಕೆ ತಂದರು. ಹೆದ್ದಾರಿಯನ್ನು ಅಗಲ ಮಾಡುವಾಗ ಊರನ್ನು ಎರಡು ಹೋಳು ಮಾಡಲಾಗಿತ್ತು. ಮನೆಗಳು ಒಂದು ಕಡೆ ಉಳಿದವು. ಸರ್ಕಾರಿ ಶಾಲೆ, ಕೆರೆ, ಸ್ಮಶಾನ ಇನ್ನೊಂದು ಕಡೆಗೆ ಹೋದವು. ಊರಿನ ರಸ್ತೆ ಹೆದ್ದಾರಿಯನ್ನು ನೇರವಾಗಿ ಸೇರದೆ, ತೆರೆದ ಕತ್ತರಿಯ ಬಾಯಿಯಂತೆ ಓರೆಯಾಗಿ ಸೇರಿತು. ಹುಬ್ಬಳ್ಳಿಯ ಕಡೆಯಿಂದ ಬರುವ ಗಾಡಿಗಳು ಒಂದು ದಿಬ್ಬ ಹತ್ತಿ ಇಳಿಯಬೇಕು. ಇಳಿಯುವವರೆಗೆ ಅವುಗಳಿಗೆ ಊರಿನ ರಸ್ತೆಯೂ ಕಾಣದು, ಅದರಲ್ಲಿ ಬರುವ ಮನುಷ್ಯರೂ ಕಾಣರು. ದಿಬ್ಬದ ನೆತ್ತಿಯಿಂದ ಕಾಣುವುದು ಒಂದೇ, ಎತ್ತರದಲ್ಲಿರುವ ನನ್ನ ಕೆಂಪು ದೀಪ.

ನನ್ನ ಬುಡಕ್ಕೆ ಕಾಂಕ್ರೀಟು ಹಾಕಿಸುತ್ತ ಎಂಜಿನಿಯರರು ಊರವರಿಗೆ ಸಮಾಧಾನ ಹೇಳಿದರು. "ಇದು ತಾತ್ಕಾಲಿಕ ಅಷ್ಟೇರಿ. ಅಂಡರ್‌ಪಾಸ್ ಆಗೂತನಕ."

ತಾತ್ಕಾಲಿಕ! ಆ ದಿನ ರಸ್ತೆಯಂಚಿನಲ್ಲಿ ನೆಟ್ಟ ಹೊಂಗೆಯ ಸಸಿ ಈಗ ಬಸ್ಸು ಕಾಯುವವರಿಗೆ ಚಪ್ಪರವಾಗಿದೆ. ಅಂಡರ್‌ಪಾಸಿಗೆ ಗುದ್ದಲಿ ಪೂಜೆಗಳು ನಡೆಯುತ್ತಲೇ ಇವೆ. ಪ್ರತಿ ಸಲ ಹೊಸ ಗುದ್ದಲಿ, ಹೊಸ ಹಾರ, ಅದೇ ಗುಂಡಿ. ಮಳೆಗಾಲದಲ್ಲಿ ಅದರೊಳಗೆ ಎಮ್ಮೆಗಳು ಮಲಗುತ್ತವೆ. ಆ ಯೋಜನೆಯಿಂದ ಈವರೆಗೆ ಪ್ರಯೋಜನ ಪಡೆದದ್ದು ಅವು ಮಾತ್ರ.

ಈ ನಡುವೆ ನನ್ನ ಒಡೆತನ ಕೈಯಿಂದ ಕೈಗೆ ಹೋಯಿತು. ಗುತ್ತಿಗೆದಾರ ನನ್ನನ್ನು ಪಂಚಾಯಿತಿಗೆ ಒಪ್ಪಿಸಿದ. ಪಂಚಾಯಿತಿ ಹೆದ್ದಾರಿಯವರನ್ನು ತೋರಿಸಿತು. ಹೆದ್ದಾರಿಯವರು ಪೊಲೀಸರನ್ನು ತೋರಿಸಿದರು. ಒಮ್ಮೆ ನನ್ನ ಹಸಿರು ದೀಪ ಕೆಟ್ಟಾಗ, ಕ್ರಾಸಿನ ಕಾವಲಿಗಿದ್ದ ಹವಾಲ್ದಾರ ದೊಡ್ಡಮನಿ ಎಲ್ಲರಿಗೂ ಫೋನು ಮಾಡಿ ದಣಿದು, ಕೊನೆಗೆ ಫೋನಿನಲ್ಲೇ ಕೂಗಿದ: "ನಿಮ್ದೂ ಅಲ್ಲ, ಅವ್ರ್ದೂ ಅಲ್ಲ ಅಂದ್ರ ಇದೇನು ನಮ್ಮ ಮಾವ ವರದಕ್ಷಿಣಿ ಕೊಟ್ಟ ಕಂಬ ಏನ್ರೀ?" ಎಲ್ಲರಿಗೂ ಸೇರಿದ ವಸ್ತು ಯಾರಿಗೂ ಸೇರದೆ ಹೋಗುವುದನ್ನು ನಾನು ನನ್ನ ಮೈಯಲ್ಲೇ ಅನುಭವಿಸಿದೆ.

ನನ್ನ ಮಾತು ಶಾಲೆಯ ಮಾತಿನಂತಿದೆ ಎಂದು ನಿಮಗೆ ಅನ್ನಿಸಿದ್ದರೆ ಅದಕ್ಕೆ ಕಾರಣವಿದೆ. ನನ್ನ ಒಂದು ಮುಖ ಶಾಲೆಯ ಕಿಟಕಿಗೆ ಎದುರಾಗಿದೆ. ವಿಶಾಲಾಕ್ಷಿ ಅಕ್ಕೋರು ಅಲ್ಲಿ ಪಾಠ ಹೇಳುತ್ತಾರೆ. ಹಾರ್ನುಗಳ ನಡುವೆ ಕೇಳಿಸಿದಷ್ಟು ನಾನೂ ಕಲಿತೆ. ಅವರು ಮಕ್ಕಳನ್ನು ಸಾಲಾಗಿ ಕರೆತಂದು ನನ್ನನ್ನು ತೋರಿಸಿ, "ಕೆಂಪು ಅಂದ್ರ?" ಎಂದು ಕೇಳುತ್ತಿದ್ದರು. "ನಿಲ್ರೀ!" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಿದ್ದರು. ಆ ಕೂಗಿಗಾಗಿಯೇ ನಾನು ಇನ್ನಷ್ಟು ಕೆಂಪಾಗಲು ಬಯಸುತ್ತಿದ್ದೆ.

ಆ ಪಾಠವನ್ನು ಮಕ್ಕಳಿಗಿಂತ ಹೆಚ್ಚು ಮನಸ್ಸಿಗೆ ತೆಗೆದುಕೊಂಡವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ನೀಲವ್ವ. ತಾಯಂದಿರು ಬೆಳಗ್ಗೆಯೇ ಕೂಲಿಗೆ ಹೋಗುತ್ತಿದ್ದುದರಿಂದ ಊರ ಮಕ್ಕಳನ್ನು ಹೆದ್ದಾರಿ ದಾಟಿಸುವ ಹೊಣೆ ತಾನಾಗಿಯೇ ಅವಳ ಮೇಲೆ ಬಿತ್ತು. ಅವಳದೊಂದು ಪದ್ಧತಿಯಿತ್ತು. ಮಕ್ಕಳನ್ನು ಅಂಚಿನಲ್ಲಿ ನಿಲ್ಲಿಸಿ, ತನ್ನ ಕಡೆಯ ದೀಪ ಹಸಿರಾದ ಮೇಲೆ ತಾನು ಮೊದಲು ರಸ್ತೆಗಿಳಿದು, ಕೈ ಅಡ್ಡ ಹಿಡಿದು, ಆಮೇಲೆ ಅವರನ್ನು ಕರೆಯುತ್ತಿದ್ದಳು. ರಸ್ತೆ ಬರಿದಾಗಿದ್ದರೂ ಕೆಂಪು ದೀಪಕ್ಕೆ ಅವಳು ಹೆಜ್ಜೆ ಎತ್ತಿದವಳಲ್ಲ.

ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವಳ ಮೈದುನ ಫಕ್ಕೀರೇಶ ಅಣಕಿಸುತ್ತಿದ್ದ: "ವೈನಿ, ರಸ್ತಾದಾಗ ಒಂದ್ ನಾಯಿನೂ ಇಲ್ಲ. ಯಾರಿಗೆ ಆರತಿ ಮಾಡಾಕ ನಿಂತೀರಿ?"

"ಬರೇ ರಸ್ತಾಕ ನಿಲ್ಲೂದು ಕಲೀಲಿಲ್ಲಂದ್ರ ಈ ಹುಡುಗ್ರು ತುಂಬಿದ ರಸ್ತಾಕ ಹೆಂಗ ನಿಲ್ತಾವೋ, ಶಾಣ್ಯಾ?" ಎನ್ನುತ್ತಿದ್ದಳು ನೀಲವ್ವ.

ನನ್ನನ್ನು ಇಷ್ಟು ನಂಬಿದವರು ಈ ಲೋಕದಲ್ಲಿ ಇನ್ನೊಬ್ಬರಿಲ್ಲ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದೊಂದೇ ನನ್ನ ಬಾಳಿನ ಗುರಿಯಾಗಿತ್ತು.

ಒಂದು ಸಲ ಮತ್ತೊಂದು ಗುದ್ದಲಿ ಪೂಜೆ ಗೊತ್ತಾಯಿತು. ಅಂಡರ್‌ಪಾಸಿಗೆ ಈ ಬಾರಿ ಖಂಡಿತ ಮಂಜೂರಾತಿ ಸಿಕ್ಕಿದೆ, ಶಾಸಕ ಸಾಹೇಬರೇ ಬಂದು ಗುದ್ದಲಿ ಹಾಕುತ್ತಾರೆ ಎಂಬ ಸುದ್ದಿಗೆ ಊರು ಹಿಗ್ಗಿತು. ಫಕ್ಕೀರೇಶನ ಮುಂದಾಳತ್ವದಲ್ಲಿ ದೊಡ್ಡದೊಂದು ಫ್ಲೆಕ್ಸ್ ತಯಾರಾಯಿತು. ಮೇಲೆ ಕೈಮುಗಿದು ನಗುವ ಸಾಹೇಬರು. ಕೆಳಗೆ 'ಶುಭ ಕೋರುವವರು' ಎಂದು ಸಾಲುಸಾಲಾಗಿ ಊರವರ ಮುಖಗಳು. ಒಂದು ಮುಖ ಬಿಟ್ಟರೂ ಜಗಳವಾದೀತೆಂದು ಮನೆಗೊಂದರಂತೆ ಎಲ್ಲರ ಫೋಟೋ ಹಾಕಿಸಿದರು. ಕೊನೆಯ ಸಾಲಿನಲ್ಲಿ, ಹೊಸ ಇಳಕಲ್ಲ ಸೀರೆಯುಟ್ಟು, ನಗಬೇಕೋ ಬೇಡವೋ ತಿಳಿಯದ ಮುಖದಲ್ಲಿ ನೀಲವ್ವನೂ ಇದ್ದಳು.

ಅದನ್ನು ಎಲ್ಲಿ ಕಟ್ಟಬೇಕು? ಸಾಹೇಬರು ಹುಬ್ಬಳ್ಳಿಯ ಕಡೆಯಿಂದ ಬರುವವರು. ದಿಬ್ಬದ ಮೇಲಿಂದ ಮೊದಲು ಕಣ್ಣಿಗೆ ಬೀಳುವ ಜಾಗ ನನ್ನ ಮುಖ. ಅಲ್ಲಿಯೇ ಕಟ್ಟಿದರು. ಊರಿನ ಸಮಸ್ತ ಮುಖಗಳೂ ಸೇರಿ ನನ್ನ ಒಂದು ಮುಖವನ್ನು ಮುಚ್ಚಿದವು.

ವಿಶಾಲಾಕ್ಷಿ ಅಕ್ಕೋರು ಅಂದೇ ಬಂದು ಗದರಿದರು. "ಫಕ್ಕೀರೇಶ, ಕೆಂಪು ದೀಪ ಮುಚ್ಚೇತಲ್ಲೋ! ಬಿಚ್ಚು ಅದನ್ನ."

"ಎಲ್ಡ ದಿನದ ಮಾತ್ರೀ ಅಕ್ಕೋರ. ಎಲ್ಲಾರ ಫೋಟೋ ಐತ್ರಿ, ಈಗ ಬಿಚ್ಚಿದ್ರ ಊರ ಮಂದಿ ನನ್ನ ಬಿಡ್ತಾರೇನ್ರಿ? ಸಾಹೇಬ್ರು ಬಂದ ಹೋಗ್ಲಿ."

ಸಾಹೇಬರು ಬರಲಿಲ್ಲ. ಭೇಟಿ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಫ್ಲೆಕ್ಸ್ ಮಾತ್ರ ಕದಲಲಿಲ್ಲ. ದೊಡ್ಡಮನಿ ಅದರ ಕೆಳಗೇ ನಿಂತು ಚಹಾ ಕುಡಿದ. ಬಿಚ್ಚಿದರೆ ಸಾಹೇಬರ ಮುಖಕ್ಕೆ ಅವಮಾನ, ಬಿಚ್ಚಿದವನ ನೌಕರಿಗೆ ಸಂಚಕಾರ ಎಂದು ಅವನ ಎಣಿಕೆ. ಬಟ್ಟೆಯ ಹಿಂದೆ ನಾನು ಹತ್ತಿದೆ, ಆರಿದೆ, ಮತ್ತೆ ಹತ್ತಿದೆ. ಸತ್ಯವನ್ನೇ ಹೇಳುತ್ತಿದ್ದೆ; ಸಾಹೇಬರ ನಗುವಿನ ಬೆನ್ನಿಗೆ ಹೇಳುತ್ತಿದ್ದೆ. ನನಗೆ ಕೈಗಳಿದ್ದರೆ! ಗಾಳಿ ಬೀಸಿದಾಗಲೆಲ್ಲ ಹಗ್ಗ ಹರಿಯಲೆಂದು ಹಾರೈಸಿದೆ. ಗಟ್ಟಿ ನೈಲಾನ್ ಹಗ್ಗ ತಂದಿದ್ದರು. ಶಾಲೆಯ ಸೂರು ದುರಸ್ತಿ ಮಾಡುವಾಗ ಊರಿನಲ್ಲಿ ಯಾರಿಗೂ ಅಷ್ಟು ಒಳ್ಳೆಯ ಹಗ್ಗ ಸಿಕ್ಕಿರಲಿಲ್ಲ.

ಒಂದು ಬೆಳಗ್ಗೆ ನೀಲವ್ವ ಮಕ್ಕಳೊಂದಿಗೆ ಅಂಚಿನಲ್ಲಿ ನಿಂತಳು. ಅವಳ ಕಡೆಯ ಮುಖದಲ್ಲಿ ಹಸಿರು ಹತ್ತಿತು. ಅದರರ್ಥ ಹುಬ್ಬಳ್ಳಿಯ ಕಡೆಗೆ ಕೆಂಪು. ಅವಳು ನನ್ನನ್ನು ನಂಬಿ ರಸ್ತೆಗಿಳಿದು ಕೈ ಅಡ್ಡ ಹಿಡಿದಳು. ದಿಬ್ಬದಿಂದ ಈರುಳ್ಳಿ ತುಂಬಿದ ಲಾರಿಯೊಂದು ಇಳಿಯಿತು. ಚಾಲಕನಿಗೆ ಕಂಡದ್ದು ಕೈಮುಗಿದ ಸ್ವಾಗತ. ಬ್ರೇಕಿನ ಕಿರುಚಾಟ ಶಾಲೆಯ ಒಳಗೂ ಕೇಳಿಸಿತಂತೆ.

ಮಕ್ಕಳಿಗೆ ಏನೂ ಆಗಲಿಲ್ಲ. ಅವಳ ಪದ್ಧತಿ ಅವರನ್ನು ಉಳಿಸಿತು. ನೀಲವ್ವನ ಬಲಗಾಲು ಮೊಣಕಾಲಿನವರೆಗೆ ನಜ್ಜುಗುಜ್ಜಾಯಿತು.

ಮುಂದೆ ನಡೆದದ್ದನ್ನು ಹೇಳುವಾಗ ಇಂದಿಗೂ ನನ್ನ ತಂತಿಗಳು ಬಿಸಿಯೇರುತ್ತವೆ. ನೀಲವ್ವನನ್ನು ಆಸ್ಪತ್ರೆಗೆ ಒಯ್ದ ಗಾಡಿ ಮರೆಯಾಗುವ ಮುನ್ನವೇ ಯಾರೋ ಏಣಿ ತಂದು ಫ್ಲೆಕ್ಸನ್ನು ಕತ್ತರಿಸಿ ಇಳಿಸಿದರು. ತನಿಖೆಗೆ ಬಂದ ಪೊಲೀಸರಿಗೆ ಹತ್ತಾರು ಬಾಯಿಗಳು ಒಂದೇ ಮಾತು ಹೇಳಿದವು: "ಸಿಗ್ನಲ್ ಕೆಟ್ಟಿತ್ರೀ." ಲಾರಿಯ ಚಾಲಕ, "ಕೆಂಪು ಕಾಣ್ಲಿಲ್ರಿ, ಏನೋ ಬ್ಯಾನರ್ ಇತ್ರಿ" ಎಂದಾಗ ಅವನ ಕೆನ್ನೆಗೆ ಬಿತ್ತು. ದೊಡ್ಡಮನಿ ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಕುತ್ತಿಗೆಯಲ್ಲಿ ಹಗ್ಗದ ತುಂಡುಗಳು ಇನ್ನೂ ತೂಗುತ್ತಿದ್ದವು. ಅವನು ತಲೆ ತಗ್ಗಿಸಿದ. ಅಕ್ಕೋರು ಒಬ್ಬರೇ ನಿಜ ಹೇಳಿದರು. "ನೀವು ಶಾಲೆ ಒಳಗಿದ್ರಿ ಅಲ್ರೀ, ನಿಮಗೇನ್ ಗೊತ್ತು?" ಎಂದು ಅವರ ಮಾತನ್ನು ಬದಿಗೆ ಸರಿಸಿದರು.

ಹೀಗೆ ನಾನು ಸುಳ್ಳುಗಾರನೆನಿಸಿಕೊಂಡೆ. ಹೆದ್ದಾರಿಯವರು ಬಂದು, ನನ್ನ ದೀಪಗಳನ್ನು ನಡೆಸುವ ಪೆಟ್ಟಿಗೆಯ ಬೀಗ ತೆಗೆದು, ನನ್ನ ನಾಲ್ಕು ಮುಖಗಳಲ್ಲೂ ಹಳದಿ ಮಾತ್ರ ಮಿಟುಕುವಂತೆ ಮಾಡಿ ಹೋದರು. ಹಗಲಿರುಳೂ ಮಿಟುಕುವುದು ಎಂಥ ಶಿಕ್ಷೆಯೆಂದು ನೀವು ಬಲ್ಲಿರಾ? ನಿಲ್ಲಿ ಎನ್ನುವಂತಿಲ್ಲ, ಹೋಗಿ ಎನ್ನುವಂತಿಲ್ಲ. ಜ್ವರ ಬಂದವನ ಕಣ್ಣಿನಂತೆ ಮಿಟುಕುತ್ತ, ನುಗ್ಗುವ ಗಾಡಿಗಳನ್ನೂ ಅಂಚಿನಲ್ಲಿ ಹೆದರಿ ನಿಂತ ಮಕ್ಕಳನ್ನೂ ನೋಡುತ್ತ ಉಳಿದೆ. ಕೆಲವು ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ಬಿಟ್ಟರು.

ಮತ್ತೊಂದು ಗುದ್ದಲಿ ಪೂಜೆ ಬಂತು. ಬೆಳಗಿನ ಹೊತ್ತು ಫಕ್ಕೀರೇಶ ಹೊಸ ಫ್ಲೆಕ್ಸಿನ ಸುರುಳಿಯನ್ನು ಹೆಗಲಿಗೇರಿಸಿ, ಏಣಿಯನ್ನು ನನಗೆ ಆನಿಸಿ ಹತ್ತತೊಡಗಿದ. ನನ್ನ ಕಡೆ ಅವನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಊರಿನ ರಸ್ತೆಯಿಂದ ನೀಲವ್ವ ಬಂದಳು, ಕಂಕುಳಲ್ಲಿ ಊರುಗೋಲು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕ್ರಾಸಿಗೆ ಬಂದದ್ದು ಅದೇ ಮೊದಲು. ಅವಳ ಹಿಂದೆ ಮಕ್ಕಳಿದ್ದರು.

"ಇಳೀ ಫಕ್ಕೀರೇಶ," ಎಂದಳು.

"ವೈನಿ, ಈ ಸಲ ನಿಮ್ಮ ಫೋಟೋ ದೊಡ್ಡದ ಹಾಕ್ಸೀನಿ. ಮೊದಲ್ನೇ ಸಾಲಿನ್ಯಾಗ."

"ಹೋದ ಸಲ ಸಣ್ಣದಿತ್ತು, ಒಂದ ಕಾಲು ಹೋತು. ಈ ಸಲ ದೊಡ್ಡದು ಹಾಕ್ಸೀದಿ. ಇನ್ನೇನ್ ಬೇಕು ನಿನಗ?"

ಫಕ್ಕೀರೇಶನ ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು. ಪೂಜೆಗಾಗಿ ಬಂದಿದ್ದ ಎಂಜಿನಿಯರರೂ ದೊಡ್ಡಮನಿಯೂ ಹತ್ತಿರ ಬಂದರು. ನೀಲವ್ವ ಊರುಗೋಲನ್ನು ಎತ್ತಿ ಎಂಜಿನಿಯರರಿಗೆ ನನ್ನನ್ನು ತೋರಿಸಿದಳು.

"ಸಾಹೇಬ್ರ, ಅವತ್ತು ಈ ದೀಪ ಕೆಟ್ಟಿರಲಿಲ್ರಿ. ಖರೇನ ಹೇಳಿತ್ತು. ಅದರ ಮಾರಿ ಮ್ಯಾಲೆ ನಮ್ಮ ಮಾರಿ ಕಟ್ಟಿದ್ವಿ ನಾವು. ನಂದೂ ಇತ್ತು ಅದರಾಗ. ಆ ಲಾರಿ ಡ್ರೈವರ್ ಪಾಪದಂವ, ಅವನ್ನ ಹೊಡದ್ರು."

ದೊಡ್ಡಮನಿ, "ಖರೆ ಐತ್ರಿ ಸರ್. ನಾನೂ ನೋಡೀನಿ," ಎಂದ. ಆ ಒಂದು ಮಾತಿಗೆ ಇಷ್ಟು ಕಾಲ ಬೇಕಾಯಿತು! ಎಂಜಿನಿಯರರು ಪೆಟ್ಟಿಗೆ ತೆಗೆಸಿದರು. ನನ್ನೊಳಗೆ ಏನೋ ಕಟಕ್ಕೆಂದಿತು. ಹುಬ್ಬಳ್ಳಿಯ ಕಡೆಯ ಮುಖದಲ್ಲಿ ಕೆಂಪು ಹತ್ತಿತು. ದಿಬ್ಬ ಇಳಿಯುತ್ತಿದ್ದ ಗಾಡಿಗಳು ನಿಂತವು.

ನೀಲವ್ವ ಮೊದಲಿನಂತೆಯೇ ತಾನು ಇಳಿದು, ಊರುಗೋಲನ್ನೇ ಅಡ್ಡ ಹಿಡಿದು, ಮಕ್ಕಳನ್ನು ದಾಟಿಸಿದಳು. ಕೊನೆಗೆ ತಾನು ಹೊರಟಳು. ಆದರೆ ನನ್ನೊಳಗೆ ಕೂರಿಸಿದ ಗಡಿಯಾರ ಎರಡು ಕಾಲಿನವರಿಗೆ ಹೊಂದಿಸಿದ್ದು. ಅವಳು ನಡುರಸ್ತೆಯಲ್ಲಿರುವಾಗಲೇ ನನ್ನ ಕೆಂಪು ಆರಿ, ಹೆದ್ದಾರಿಗೆ ಹಸಿರಾಯಿತು. ನಾನು ತಡೆಯಲು ಹೆಣಗಿದೆ. ತಡೆಯುವುದು ನನಗೆ ಸಾಧ್ಯವಿಲ್ಲ. ಗಾಡಿಗಳು ಗುರುಗುಟ್ಟಿ ಮುನ್ನುಗ್ಗಿದವು.

ಆಗ ಫಕ್ಕೀರೇಶ ರಸ್ತೆಗೆ ಹಾರಿದ. ಹೊಸ ಫ್ಲೆಕ್ಸಿನ ಸುರುಳಿಯನ್ನು ಬಿಚ್ಚಿ, ಸಾಹೇಬರ ನಗುವನ್ನೂ ಊರವರ ಮುಖಗಳನ್ನೂ ಗಾಡಿಗಳ ಮೂತಿಗೆ ಅಡ್ಡವಾಗಿ ಹರಡಿ ಹಿಡಿದು ನಿಂತ. ಇನ್ನೊಂದು ತುದಿಯನ್ನು ದೊಡ್ಡಮನಿ ಓಡಿಬಂದು ಹಿಡಿದ.

"ಏ, ಹಸರ ಬಿದ್ದೈತಿ! ಕಣ್ಣ ಕಾಣಾಂಗಿಲ್ಲೇನಲೇ?" ಎಂದು ಬೈಕಿನವನೊಬ್ಬ ಅರಚಿದ.

"ಕಾಣ್ತೈತಿ," ಎಂದ ಫಕ್ಕೀರೇಶ. "ನಮ್ಮ ವೈನಿನೂ ಕಾಣ್ತಾಳ. ನಿಂದ್ರು."

ಅವಳು ದಾಟಿದಳು. ಶಾಲೆಯ ಗೇಟಿನಲ್ಲಿ ಅಕ್ಕೋರು ಕೈನೀಡಿ ಅವಳನ್ನು ಒಳಗೆ ಕರೆದುಕೊಂಡರು. ಆ ಫ್ಲೆಕ್ಸ್ ಮತ್ತೆಂದೂ ನನ್ನ ಮೇಲೆ ಏರಲಿಲ್ಲ. ಬಿಸಿಯೂಟದ ಕಟ್ಟಿಗೆ ನೆನೆಯದಂತೆ ಇಂದಿಗೂ ಅದೇ ಹೊದಿಕೆ.

ಈಗ ನಾನು ಮುದುಕ. ಬುಡದಲ್ಲಿ ತುಕ್ಕು ಹಿಡಿದಿದೆ. ಟ್ರ್ಯಾಕ್ಟರೊಂದು ಗುದ್ದಿ ಸೊಂಟ ಓರೆಯಾಗಿದೆ. ಗುಂಡಿಯಲ್ಲಿ ಎಮ್ಮೆಗಳಿವೆ. ಅಂಡರ್‌ಪಾಸ್ ಆಗುವವರೆಗೆ ನನಗೆ ಬಿಡುಗಡೆಯಿಲ್ಲ, ನೆಮ್ಮದಿಯೂ ಇಲ್ಲ. ಒಂದು ಸತ್ಯವನ್ನು ಮಾತ್ರ ಆ ದಿನ ಅರಿತೆ: ನಿಲ್ಲಿ ಎಂದು ಹೇಳುವುದಷ್ಟೇ ನನ್ನ ಅಳವು. ಕಾಯುವುದು ಯಂತ್ರಕ್ಕೆ ಬಾರದ ವಿದ್ಯೆ. ಅದು ಮನುಷ್ಯರಿಗೆ ಮಾತ್ರ ಬರುವಂಥದ್ದು.

ಆದುದರಿಂದ ಓದುಗರೇ, ಈ ಪುಟ ಮಡಿಸಿಟ್ಟು ಹೊರಗೆ ಹೋದಾಗ ನಿಮ್ಮೂರಿನ ಸಿಗ್ನಲ್ ಕಂಬವನ್ನೊಮ್ಮೆ ತಲೆಯೆತ್ತಿ ನೋಡಿ. ಅದರ ಮುಖಕ್ಕೆ ಯಾವುದಾದರೂ ಬಟ್ಟೆ ಕಟ್ಟಿದ್ದರೆ, ಅದರಲ್ಲಿ ಯಾರ ಮುಖವೇ ಇರಲಿ, ನಿಮ್ಮದೇ ಇರಲಿ, ಬಿಚ್ಚಿಸಿ. ಮತ್ತು ನಿಮಗೆ ಹಸಿರು ಬಿದ್ದಾಗ ರಸ್ತೆಯಲ್ಲಿ ಇನ್ನೂ ಒಬ್ಬರು ಉಳಿದಿದ್ದರೆ, ಹಾರ್ನಿನ ಮೇಲಿಂದ ಕೈ ತೆಗೆದು, ಅವರು ಆ ದಡ ಮುಟ್ಟುವವರೆಗೆ ದಯವಿಟ್ಟು ಕಾಯಿರಿ.