ಆಟ ಬೇಕೋ ಬ್ಯಾಡೋ

ಧಾರವಾಡದಿಂದ ಹಣಮಂತರಾಯ ಅನ್ನುವ ಮಾಸ್ತರು ನಮ್ಮ ತಿಕೋಟಾಕ್ಕೆ ಬಂದದ್ದು ಅರವತ್ಮೂರರ ಪಂಚಮಿಯ ಹಿಂದಿನ ದಿನ. ಶಾಲೆ ಬಿಟ್ಟ ಮೇಲೆ ಮಕ್ಕಳು ಆಡಬೇಕೋ ಬೇಡವೋ, ತಾಯಿ ತಂದೆಗಳಿಗೆ ಏನನ್ನಿಸುತ್ತದೆ ಎಂದು ಮನೆ ಮನೆ ತಿರುಗಿ ಕೇಳುವುದೇ ಅವರ ಸಂಶೋಧನೆಯಂತೆ. ಇಷ್ಟು ಕೇಳಲು ಒಬ್ಬ ಮನುಷ್ಯ ಅಷ್ಟು ದೂರದಿಂದ ಬರಬೇಕೇ! ನನ್ನನ್ನು ಕೇಳಿದ್ದರೆ ನಿಂತ ನಿಲುವಿನಲ್ಲೇ ಹೇಳುತ್ತಿದ್ದೆ. ಆದರೆ ನನ್ನನ್ನು ಯಾರು ಕೇಳುತ್ತಾರೆ? ನಾನಾಗ ಏಳನೆಯ ಇಯತ್ತೆಯ ರೇಣವ್ವ. ಖೋಖೋ ಆಟದಲ್ಲಿ ಓಡಲು ನಿಂತರೆ ಯಾರ ಕೈಗೂ ಸಿಗದವಳು, ಮನೆಗೆಲಸಕ್ಕೆ ಕರೆದಾಗಲೂ ಹಾಗೆಯೇ ಎಂದು ಅವ್ವ ಅನ್ನುತ್ತಿದ್ದಳು.

ಆ ಮಾಸ್ತರು ಶಾಲೆಯ ಕಟ್ಟೆಯ ಮೇಲೆ ಕುಳಿತು ಹೆಡ್ ಮಾಸ್ತರಿಗೆ ಹೇಳುತ್ತಿದ್ದುದನ್ನು ನಾನೂ ಗೆಳತಿ ಮುನೀರಾಳೂ ಕಿಟಕಿಯ ಮರೆಯಿಂದ ಕೇಳಿದೆವು.

"ಬಿಜಾಪುರದ ಗಾಂಧಿ ಚೌಕದಾಗ ಅಂಗಡಿಯವರೆಲ್ಲಾ ಆಟ ಬೇಕ ಬೇಕು ಅಂದ್ರು. ಸಂಜೀಕ ನೋಡಿದ್ರ ಅವರ ಮಕ್ಕಳೆಲ್ಲಾ ಅಂಗಡ್ಯಾಗ ಕುಂತು ಸಾಮಾನು ತೂಗಾಕತ್ತಿದ್ರು. ಬಬಲೇಶ್ವರದಾಗ ಎಲ್ಲಾರೂ ಬ್ಯಾಡ ಅಂದ್ರು. ಅಲ್ಲಿ ಹುಡುಗೂರು ಕತ್ತಲಾದ್ರೂ ಬೈಲು ಬಿಡವಲ್ರು. ನಾ ಏನಂತ ತಿಳಕೋಬೇಕ್ರಿ?"

"ತಿಕೋಟ್ಯಾಗ ಹಂಗಿಲ್ರಿ, ನಮ್ಮೂರವರು ಒಂದ ಮಾತಿನವರು," ಎಂದರು ಹೆಡ್ ಮಾಸ್ತರು. "ನೀವು ಬಂದದ್ದು ಚೊಲೊ ಆತು. ಹುಡಿಗೇರ ಆಟದ ಸಲುವಾಗಿ ದಿನಾ ಯಾರರೆ ನನ್ನ ಕೂಡ ಜಗಳಕ್ಕ ಬರತಾರ. ತಾಯಂದ್ರನ್ನ ನೀವ ಕೇಳ್ರಿ. ಹೂಂ ಅಂದ್ರ ಬರೂ ವಾರ ಹುಡಿಗೇರನ್ನ ಬಿಜಾಪುರದ ಪಂದ್ಯಕ್ಕ ಕರಕೊಂಡ ಹೋಗತೀನಿ. ಬ್ಯಾಡ ಅಂದ್ರ ಅವರ ಆಟ ಬಂದ್."

ಮುನೀರಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಬಿಜಾಪುರದ ಪಂದ್ಯಕ್ಕೆಂದು ನಾವು ಬೇಸಿಗೆಯಿಂದ ಓಡಿದ್ದೇ ಓಡಿದ್ದು.

ನಮ್ಮ ಓಣಿಯಲ್ಲಿ ನಮ್ಮವ್ವ ಹನಮವ್ವ ಹೇಳಿದ್ದೇ ಕಾಯಿದೆ. ಮಾಸ್ತರು ಬಂದಾಗ ಅವಳು ಹಬ್ಬದ ಶೇಂಗಾ ಉಂಡಿ ಕಟ್ಟುತ್ತಿದ್ದಳು.

"ಬಾಯಾರ, ಸಾಲಿ ಬಿಟ್ಟ ಮ್ಯಾಲ ಹೆಣ್ಣಮಕ್ಕಳು ಆಡೂದು ಬೇಕೋ ಬ್ಯಾಡೋ?"

"ಬ್ಯಾಡ್ರಿ."

"ಯಾಕ್ರಿ?"

"ಬ್ಯಾಡ ಅಂದ್ರ ಬ್ಯಾಡ. ಉಂಡಿ ತಿನ್ರಿ."

ಮಾಸ್ತರು ತಿಂದರು. ಪಕ್ಕದ ಮನೆಯ ದಾವಲಬಿ, ಅಂದರೆ ಮುನೀರಾಳ ತಾಯಿ, "ನಮ್ಮ ಹನಮಕ್ಕ ಏನಂದ್ಲರಿ?" ಎಂದು ಮೊದಲು ಕೇಳಿಕೊಂಡು, "ಹಂಗಾರ ನಂದೂ ಬ್ಯಾಡ" ಅಂದಳು. ಎದುರು ಮನೆಯ ಗುರುಬಸವ್ವನೂ ಹಾಗೆಯೇ. ಒಂದೇ ಮಾತಿನವರು ನೋಡಿ! ನನಗೆ ಬಂದ ಸಿಟ್ಟಿಗೆ ಉಂಡಿ ತುಂಬಿದ ಪರಾತವನ್ನೇ ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಶೇಂಗಾ ಉಂಡಿ ಅಂದರೆ ನನಗೆ ಜೀವ.

ಓಣಿಯ ತುದಿಯತನಕ ಓಡಿ ಮಾಸ್ತರನ್ನು ಹಿಡಿದೆ. "ಸರ್, ಹೆಡ್ ಮಾಸ್ತರಿಗೆ ಈಗ ಹೇಳಬ್ಯಾಡ್ರಿ!"

"ಇನ್ನ ನಾಕ ಮನಿ ಉಳದಾವ, ನಾಳಿ ಬರತೇನಿ. ಅಲ್ಲೀತನಕ ನಿಮ್ಮವ್ವ ಮನಸ ಬದಲಿಸಿದ್ರ ನಂದೇನ ತಕರಾರಿಲ್ಲವಾ," ಎಂದರು. ಪಾಪ, ಅವರಿಗೆ ನಮ್ಮವ್ವ ಗೊತ್ತಿರಲಿಲ್ಲ. ನಾನು ಅವ್ವನ ಜೊತೆ ಮಾತು ಬಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ಅವಳಿಗೆ ಅದು ತಿಳಿಯಲೂ ಇಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ನಾಗಪ್ಪನಿಗೆ ಹಾಲೆರೆದು ಬಂದದ್ದೇ ಓಣಿಯ ಹೆಂಗಸರೆಲ್ಲ ದೊಡ್ಡ ಬೇವಿನ ಗಿಡದ ಕೆಳಗೆ ಸೇರಿದರು. ಪಂಚಮಿಯೆಂದರೆ ಜೋಕಾಲಿ. ಗುರುಬಸವ್ವನ ಮನೆಯ ಬಾವಿಯ ದಪ್ಪ ಹಗ್ಗ ಕಟ್ಟಿ, ಮೇಲಿನ ಟೊಂಗೆಗೆ ಒಂದು ಕೊಬ್ಬರಿ ಬಟ್ಟಲು ತೂಗುಬಿಡುತ್ತಿದ್ದರು. ಇಬ್ಬರು ಎದುರುಬದುರು ಮಣೆಯ ಮೇಲೆ ನಿಂತು, ಒಬ್ಬಳು ಕುಕ್ಕರಿಸಿದಾಗ ಇನ್ನೊಬ್ಬಳು ಎದ್ದು ಜೀಕಬೇಕು. ಕೊಬ್ಬರಿಯನ್ನು ಕಾಲಿನಿಂದ ಒದ್ದು ಬೀಳಿಸಿದ ಜೋಡಿ ಗೆದ್ದಂತೆ. ಹಬ್ಬ ಮುಗಿದ ಮರುದಿನ ಹಗ್ಗ ಬಿಚ್ಚಿಬಿಡುತ್ತಿದ್ದರು.

ಪ್ರತಿ ವರ್ಷ ಗೆಲ್ಲುವವರು ನಮ್ಮವ್ವ ಮತ್ತು ಜೈನಾಪುರಕ್ಕೆ ಕೊಟ್ಟಿದ್ದ ಅವಳ ತಂಗಿ ಪರಸವ್ವ. ಆ ವರ್ಷ ಪರಸವ್ವ ಗಂಡು ಹಡೆದು ಜೈನಾಪುರದಲ್ಲೇ ಉಳಿದಿದ್ದಳು. ದಾವಲಬಿ ತನ್ನ ನಾದಿನಿ ಸಬೀರಾಳ ಜೊತೆ ಏರಿದಳು. ಕೊಬ್ಬರಿ ಗೇಣಿನಷ್ಟರಲ್ಲಿ ತಪ್ಪಿತು.

"ಮುಂದಿನ ಪಾಳ್ಯಾಗ ನಮ್ಮದ ಅದು!" ದಾವಲಬಿ ಇಳಿಯುತ್ತ ಕೂಗಿದಳು. "ಹನಮಕ್ಕಾ, ನಿನಗ ಈ ಸಲ ಜೋಡೀನ ಇಲ್ಲಲ್ಲಬೇ!"

ಅವ್ವ ಸುತ್ತ ನೋಡಿದಳು. "ರೇಣಾ, ಏರ ಬಾ."

"ಒಲ್ಲೆ ಬೇ. ಸಾಲ್ಯಾಗ ಆಟ ಬ್ಯಾಡ, ಇಲ್ಲಿ ಆಟ ಬೇಕೇನ ನಿನಗ?"

"ಇದು ಆಟ ಅಲ್ಲಲೇ, ಪಂಚಮಿ!"

ಹಿಂದಿನಿಂದ ಯಾರೋ ಗಂಡಸು ನಕ್ಕಂತಾಯಿತು. ಹಣಮಂತರಾಯ ಮಾಸ್ತರು! ಮನೆಗಳಿಗೆಲ್ಲ ಕೀಲಿ ಹಾಕಿದ್ದನ್ನು ಕಂಡು ಗದ್ದಲ ಕೇಳಿದತ್ತ ಬಂದಿದ್ದರು. ದಾವಲಬಿಯೂ ಗಹಗಹಿಸಿ ನಕ್ಕಳು, ಆ ನಗು ಮಾತ್ರ ನನಗೆ ತಡೆಯಲಾಗಲಿಲ್ಲ. ಅವ್ವನ ಮೇಲಿನ ಸಿಟ್ಟು ಬೇರೆ, ಸೋಲುವುದು ಬೇರೆ. ಏರಿಬಿಟ್ಟೆ.

ಇದ್ದ ಸಿಟ್ಟನ್ನೆಲ್ಲ ಕಾಲಿಗಿಳಿಸಿ ಜೀಕಿದೆ. ಕುಕ್ಕರಿಸು, ಏಳು. ಬೇವಿನ ಟೊಂಗೆ ಕಿರುಗುಟ್ಟಿತು, ಕೆಳಗೆ ಹೆಂಗಸರು ಹೋ ಎಂದರು. ಅವ್ವ ಕಾಲು ಚಾಚಿ ಒಂದೇ ಒದೆತಕ್ಕೆ ಕೊಬ್ಬರಿ ಬೀಳಿಸಿದಳು.

"ಯಪ್ಪಾ! ಇಷ್ಟ ಕಸುವು ಎಲ್ಲಿಂದ ಬಂತಲೇ ನಿನಗ?"

"ದಿನಾ ಸಂಜೀಕ ಕುಂತಾಕಿ ಖೋ ಅಂದಕೂಡ್ಲೆ ಎದ್ದು ಓಡತೀನಲ್ಲಾ, ಅಲ್ಲಿಂದ!"

ಗೆದ್ದಾಗಿತ್ತು, ಇಳಿಯಬೇಕಿತ್ತು. ಅವ್ವ ಇಳಿಯಲಿಲ್ಲ. ಮತ್ತೆ ಜೀಕಿದಳು, ಮತ್ತೆ. ತುರುಬು ಬಿಚ್ಚಿತ್ತು, ಸೆರಗು ಹಾರುತ್ತಿತ್ತು, ಬಾಯಿ ತುಂಬ ನಗುತ್ತಿದ್ದಳು. ಅವ್ವ ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ಜೋಕಾಲಿ ನಿಧಾನವಾದಂತೆ ನಗುವೂ ಇಳಿಯಿತು. ಹಗ್ಗದ ಮೇಲೆ ಕೈಯಾಡಿಸಿ, "ನಾಳಿ ಬಿಚ್ಚತಾರಲ್ಲಾ," ಅಂದಳು.

ಮಾಸ್ತರು ಹತ್ತಿರ ಬಂದರು. "ಇಷ್ಟ ಆಸೆ ಇದ್ದವರು ನಿನ್ನೆ ಯಾಕ ಬ್ಯಾಡ ಅಂದ್ರಿ ಬಾಯಾರ?"

ಅವ್ವ ಮಣೆಯ ಮೇಲೆ ಕುಳಿತಳು. "ಸಣ್ಣಾಕಿದ್ದಾಗ ನಾನೂ ದಿನಾ ಆಡತಿದ್ನಿರಿ. ಮದಿವಿ ಆತು, ಬಂದ್ ಆತು. ಈಗ ವರ್ಷಕ್ಕ ಒಂದ ದಿನ. ಉಳದ ದಿನಾ ನೀರಿನ ಕೊಡಾ ಹೊತಗೊಂಡ ಈ ಗಿಡದ ಕೆಳಗ ಹಾಯ್ದ ಹೋಗುವಾಗ ಜೀವ ಚುರ್ ಅಂತೈತಿ. ಈಕಿಗೂ ಮುಂದ ಹಂಗ ಆಗೂದಲ್ಲೇನ್ರಿ? ರುಚಿ ಹಚ್ಚಿ ಆಮ್ಯಾಲ ತಾಟ ಕಸಗೊಳ್ಳೂದಕ್ಕಿಂತ ಮದಲ ಬಡಸದಿರೂದ ಚೊಲೊ ಅಂತ ಬ್ಯಾಡ ಅಂದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿಬಂತು. ಅವ್ವನಿಗೆ ಆಟ ಬೇಡ ಎಂದುಕೊಂಡಿದ್ದೆ. ಅವಳಿಗೆ ನನಗಿಂತ ಹೆಚ್ಚು ಬೇಕಾಗಿತ್ತು.

"ಹಗ್ಗ ಬಿಚ್ಚವರು ಯಾರಬೇ?" ಅಂದೆ. "ನೀವ ಅಲ್ಲೇನು?"

ಅವ್ವ ದಾವಲಬಿಯ ಮುಖ ನೋಡಿದಳು. ದಾವಲಬಿ ಗುರುಬಸವ್ವನ ಮುಖ ನೋಡಿದಳು.

"ನನ್ನ ಮಾರಿ ಏನ್ ನೋಡತೀರಿ?" ಎಂದಳು ಗುರುಬಸವ್ವ. "ಹಗ್ಗ ನಮ್ಮದ ಐತಿ. ಬಾವಿಗೆ ಬ್ಯಾರೆ ಹಗ್ಗ ಅದಾವ. ಇದು ಇಲ್ಲೇ ಇರಲಿ ಬಿಡ್ರಿ!"

ಹೆಂಗಸರೆಲ್ಲ ಹೋ ಎಂದು ನಕ್ಕರು. ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ಮಾಸ್ತರ, ನಂದು ಬೇಕು ಅಂತ ಹೇಳ್ರಿ."

"ಹಂಗಾರ ನಂದೂ ಬೇಕು!" ಎಂದಳು ದಾವಲಬಿ.

"ಅಲ್ರಿ, ತಿಕೋಟಾದವರು ಒಂದ ಮಾತಿನವರು ಅಂತ ನಿಮ್ಮ ಹೆಡ್ ಮಾಸ್ತರು ಅಂದಿದ್ರಲ್ಲಾ?" ಎಂದರು ಮಾಸ್ತರು.

"ಎಲ್ಲಾರೂ ಕೂಡಿ ಒಂದ ಮಾತ ಅಂದೇವಿಲ್ರಿ?" ಎಂದು ಅವ್ವ ಬಿದ್ದ ಕೊಬ್ಬರಿಯನ್ನು ಒಡೆದು ಅವರ ಕೈಗೂ ಒಂದು ಚೂರು ಕೊಟ್ಟಳು.

ಮುಂದಿನ ವಾರ ಬಿಜಾಪುರಕ್ಕೆ ಹೋದೆವು. ಗೋಳಗುಮ್ಮಟ ಕಾಣುವ ಬಯಲಿನಲ್ಲಿ ಆಡಿ ಮೊದಲ ಪಂದ್ಯದಲ್ಲೇ ಸೋತೆವು. ಅದರ ಮಾತು ಬೇಡ. ಸಂಜೆಯ ಬಸ್ಸಿಗೆ ಊರಿಗೆ ಬಂದು ನೋಡಿದರೆ ಮನೆಗೆ ಕೀಲಿ, ಮುನೀರಾಳ ಮನೆಗೂ ಕೀಲಿ. ಇಬ್ಬರೂ ಬೇವಿನ ಗಿಡದತ್ತ ಓಡಿದೆವು. ನನ್ನವ್ವ, ಅವಳವ್ವ ಎದುರುಬದುರು ನಿಂತು ಮುಗಿಲೆತ್ತರಕ್ಕೆ ಜೀಕುತ್ತಿದ್ದರು.

"ಗೆದ್ರೇನಬೇ?" ಅವ್ವ ಮೇಲಿನಿಂದ ಕೂಗಿದಳು.

"ಸೋತ್ವಿ. ಇಳೀ ಬೇ, ನಾ ಏರತೀನಿ."

"ಪಾಳಿ ಐತಿ. ಗುರುಬಸವ್ವನ ಹಿಂದ ಹೋಗಿ ನಿಂದ್ರು."