ಕೊಡದ ರೈಫಲ್ಲು

ಗ್ಯಾರೇಜಿನಿಂದ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ನಡುರಾತ್ರಿ ಮೀರಿತ್ತು. ನನಗೆ ಎಚ್ಚರವಾದದ್ದು ಆ ಸದ್ದಿನಿಂದಲ್ಲ, ನಾನು ಎಚ್ಚರವಾಗಿಯೇ ಇದ್ದೆ. ಅದು ಪರಿಚಿತ ಸದ್ದು. ರೈಫಲಿನ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಕಟಕ್ ಎಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಟ್ರಿಗರ್ ಒತ್ತಿದರೆ ಹ್ಯಾಮರ್ ಟಿಕ್ ಎಂದು ಬೀಳುತ್ತದೆ. ಯಾವಾಗಲೂ ಅದೇ ಕ್ರಮ. ಆ ರಾತ್ರಿ ಟಿಕ್ ಮೊದಲು ಬಂತು, ಕಟಕ್ ಆಮೇಲೆ.

ಎದ್ದು ಹೋದೆ. ನನ್ನ ಗಂಡ ವ್ಯಾಸರಾಜ ದೀಪದ ಕೆಳಗೆ ನನ್ನ ರೈಫಲಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು.

"ರೀ, ಲಿವರ್ ಮುಚ್ಚೋಕೆ ಮುಂಚೇನೇ ಬೀಳ್ತಾ ಇದೆ."

"ಮಲಗಿಲ್ವಾ ನೀನು? ಸೇಫ್ಟಿ ಸ್ಪ್ರಿಂಗ್ ತೆಗೆದಿದೀನಿ, ಟೆಸ್ಟ್ ಮಾಡೋಕೆ. ನೋಡು, ಬೆಣ್ಣೆ ಥರ ಆಡ್ತಿದೆ."

"ನನಗೆ ಬೆಣ್ಣೆ ಬೇಡ. ಸ್ಪ್ರಿಂಗ್ ಹಾಕಿ."

"ಹಾಕ್ತೀನಿ ತಾಯಿ. ಹೋಗಿ ಮಲ್ಕೋ."

ಉಗುರಿನಷ್ಟು ಅಗಲದ ಉಕ್ಕಿನ ಪಟ್ಟಿ ಅದು. ಲಿವರ್ ಪೂರ್ತಿ ಮುಚ್ಚುವವರೆಗೆ ಟ್ರಿಗರ್ ಅಲುಗಾಡದಂತೆ ತಡೆಯುವುದಷ್ಟೇ ಅದರ ಕೆಲಸ. ಅದಿಲ್ಲದೆ, ಅವಸರದಲ್ಲಿ ಬೆರಳು ಮುಂದಾಗಿಬಿಟ್ಟರೆ ತೋಟಾ ಹಿಂದಿನಿಂದ ಆಧಾರವಿಲ್ಲದೆಯೇ ಸಿಡಿದು, ಬೆಂಕಿ ಮತ್ತು ಹಿತ್ತಾಳೆಯ ಚೂರು ಹೊಡೆಯುವವರ ಮುಖಕ್ಕೇ ಬರುತ್ತವೆ.

ತಿಂಗಳಿಗೊಮ್ಮೆ ಬೆಟ್ಟದ ಹಿಂದೆ, ಗುಂಡು ಹೊಡೆಯುವ ರೇಂಜಿನಲ್ಲಿ ನಮ್ಮ ಕೌಬಾಯ್ ಶೂಟಿಂಗ್ ಸ್ಪರ್ಧೆ ನಡೆಯುತ್ತದೆ. ಹಳೆಯ ಕಾಲದ ಮಾದರಿಯ ಬಂದೂಕುಗಳು, ಆ ಕಾಲದ ಬಟ್ಟೆಬರೆ, ಹೊಡೆದರೆ ಠಣ್ ಎನ್ನುವ ಉಕ್ಕಿನ ಗುರಿಗಳು, ಬೆನ್ನ ಹಿಂದೆ ಟೈಮರ್ ಹಿಡಿದವರೊಬ್ಬರು. ಪ್ರತಿಯೊಬ್ಬರಿಗೂ ಒಂದು ಹುಸಿ ಹೆಸರು. ವ್ಯಾಸರಾಜ ಅಲ್ಲಿ 'ಕಾವೇರಿ ಕಿಡ್'. ಕಳೆದ ವರ್ಷ ಕೆಲಸ ಹೋದ ಮೇಲೆ ಅವರ ಹೆಸರನ್ನು ಜನ ಮರ್ಯಾದೆಯಿಂದ ಹೇಳುವ ಜಾಗ ಅದೊಂದೇ ಉಳಿದಿತ್ತು. ಯಾರ ಬಂದೂಕು ಕೈಕೊಟ್ಟರೂ ಅವರ ಬಳಿಗೇ ಬರುತ್ತಾರೆ. ಟೆಂಟಿನ ಕೆಳಗೆ ಮೇಜು ಹಾಕಿಕೊಂಡು ಸಂಜೆಯವರೆಗೆ ಇವರು ಸರಿಮಾಡಿಕೊಡುತ್ತಾರೆ, ಒಂದು ಡಾಲರ್ ಮುಟ್ಟುವುದಿಲ್ಲ. ಇಂಟರ್‌ವ್ಯೂ ಇಲ್ಲದ ದಿನಗಳಲ್ಲೂ ಅವರು ಗಡ್ಡ ಬೋಳಿಸಿಕೊಳ್ಳುವುದು ಆ ಮೇಜಿನಿಂದಾಗಿ ಎಂದು ನನಗೆ ಗೊತ್ತು.

ಬೆಳಿಗ್ಗೆ ಕಾರಿನಲ್ಲಿ ನಮ್ಮ ಬಡಾವಣೆ ಎವರ್‌ಗ್ರೀನಿನ ಇಳಿಜಾರು ಇಳಿಯುವಾಗ ಕೇಳಿದೆ, "ಹಾಕಿದ್ರಾ?"

"ಹಾಕಿದೀನಿ."

ಫ್ರೀವೇಯಲ್ಲಿ ಇನ್ನೊಮ್ಮೆ ಕೇಳಿದೆ.

"ಎಷ್ಟು ಸಲ ಕೇಳ್ತೀಯ ರಂಜನಿ? ಹಾಕಿದೀನಿ ಅಂದ್ನಲ್ಲ. ಊರಿಗೆಲ್ಲ ನನ್ನ ಮೇಲೆ ನಂಬಿಕೆ ಇದೆ, ನಿನಗೆ ಮಾತ್ರ ಇಲ್ಲ."

ಅವರು ಈಚೆಗೆ ಮರೆಯುತ್ತಾರೆ. ಒಲೆ ಆರಿಸಿದ್ದೇನೆ ಎನ್ನುತ್ತಾರೆ, ಆರಿಸಿರುವುದಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ. ಮಾಡಬೇಕೆಂದುಕೊಂಡದ್ದೇ ಅವರ ನೆನಪಿನಲ್ಲಿ ಮಾಡಿದ್ದಾಗಿ ಕೂತುಬಿಡುತ್ತದೆ. ನಾನು ಮತ್ತೆ ಕೇಳಲಿಲ್ಲ.

ರೇಂಜಿನಲ್ಲಿ ಮಾಧುರಿಯೂ ಅವಳ ಗಂಡ ಶಿವರಾಜನೂ ನಮಗಿಂತ ಮೊದಲೇ ಬಂದಿದ್ದರು. ಹುಬ್ಬಳ್ಳಿ ಕಡೆಯವರು, ಫ್ರೀಮಾಂಟಿನಲ್ಲಿದ್ದಾರೆ. ಮಾಧುರಿಯ ಹುಸಿ ಹೆಸರು 'ಕಿತ್ತೂರು ಕೇಟ್'. ಹೆಂಗಸರಲ್ಲಿ ಅವಳಷ್ಟು ಚುರುಕಾಗಿ ಹೊಡೆಯುವವರು ನಮ್ಮ ಕ್ಲಬ್ಬಿನಲ್ಲಿಲ್ಲ. ಹಿಂದಿನ ತಿಂಗಳವರೆಗೆ ನಾವು ಒಂದೇ ಟೆಂಟಿನ ಕೆಳಗೆ ಕೂರುತ್ತಿದ್ದೆವು. ಆ ಸಲ ತಪ್ಪಿದ ಗುಂಡುಗಳನ್ನು ಎಣಿಸಲು ನಿಂತಿದ್ದವರಲ್ಲಿ ವ್ಯಾಸರಾಜರೂ ಒಬ್ಬರು. ಒಂದು ಗುಂಡು ತಪ್ಪಿದೆ ಎಂದು ಅವರು ಒಂದು ಬೆರಳು ಎತ್ತಿದರು, ಮಾಧುರಿಗೆ ಮೊದಲ ಸ್ಥಾನ ತಪ್ಪಿತು. ಅಂದಿನಿಂದ ಮಾತಿಲ್ಲ. ಮಾತಿದ್ದರೆ ಅದು ಚುಚ್ಚುವುದಕ್ಕೆ.

"ಬಂದ್ರು ನೋಡ್ರಿ ಎಣಿಸೋರು," ಎಂದಳು ಮಾಧುರಿ, ಯಾರನ್ನೂ ನೋಡದೆ. "ಇವತ್ತರೆ ಕನ್ನಡಕ ತಂದಾರೋ ಇಲ್ಲೋ."

"ತಂದಿದೀನಿ ಮೇಡಮ್," ಎಂದರು ವ್ಯಾಸರಾಜ. "ನೀವು ಗುರಿ ತಂದಿದೀರಾ?"

"ಗುರಿ ಅಲ್ಲೇ ನಿಂತಾವಲ್ರಿ," ಎಂದ ಶಿವರಾಜ. "ಕಣ್ಣಿದ್ದೋರಿಗೆ ಕಾಣ್ತಾವ."

ಮಾಧುರಿ ಖಡಕ್ ರೊಟ್ಟಿಯ ಡಬ್ಬಿ ತೆಗೆದು ಶೇಂಗಾ ಚಟ್ನಿ ಸವರಿ ಎಲ್ಲರಿಗೂ ಕೊಟ್ಟಳು. ಕ್ಲಬ್ ನಡೆಸುವ, ಕ್ಯಾಂಪ್‌ಬೆಲ್ಲಿನ ಮುದುಕ ವಾಲ್ಟ್‌ಗೆ ಎರಡು ಸಿಕ್ಕವು. ಡಬ್ಬಿ ನನ್ನ ಮುಂದಿನಿಂದಲೇ ಹಾದುಹೋಯಿತು. ನಾನು ಟೋಪಿಯ ದಾರ ಸರಿಮಾಡಿಕೊಂಡೆ.

ಮೊದಲ ಎರಡು ಸುತ್ತು ನಾನು ಆ ರೈಫಲಿನಲ್ಲೇ ಹೊಡೆದೆ. ನಾನು ನಿಧಾನಿ. ಲಿವರ್ ಅಂಗೈಗೆ ಬಿಗಿಯಾಗಿ ತಗುಲಿದೆಯೇ ಎಂದು ಪ್ರತಿ ಸಲವೂ ನೋಡಿಕೊಂಡ ಮೇಲೆಯೇ ಟ್ರಿಗರಿಗೆ ಬೆರಳು ಹಾಕುತ್ತೇನೆ. ಸ್ಪ್ರಿಂಗ್ ಇದ್ದರೂ ಇಲ್ಲದಿದ್ದರೂ ನನ್ನ ಕೈಯಲ್ಲಿ ಅದು ಗೊತ್ತಾಗುವಂತಿರಲಿಲ್ಲ. ಹಿಂದಿನಿಂದ ಶಿವರಾಜ, "ಎಮ್ಮಿ ಮೈ ತೊಳದಂಗ ಹೊಡೀತಾರ," ಎಂದದ್ದು ಕಿವಿಯ ಮುಚ್ಚಳದೊಳಗೂ ಕೇಳಿತು.

ಮೂರನೆಯ ಸುತ್ತಿಗೆ ಮುಂಚೆ ಮಾಧುರಿಯ ರೈಫಲ್ ಕೆಟ್ಟಿತು. ಖಾಲಿ ತೋಟಾವನ್ನು ಹೊರಗೆಳೆಯುವ ಕೊಕ್ಕೆ ಮುರಿದಿತ್ತು. ವ್ಯಾಸರಾಜ ತಾವಾಗಿಯೇ ಎದ್ದು ಹೋಗಿ ನೋಡಿದರು. ಜಗಳ ಜಗಳದ ಕಡೆ, ಮುರಿದ ಬಂದೂಕನ್ನು ಕಂಡರೆ ಅವರಿಂದ ಕೂತಿರಲಾಗುವುದಿಲ್ಲ.

"ಬೇರೆ ಪಾರ್ಟೇ ಬೇಕು. ಇಲ್ಲಿ ಆಗಲ್ಲ."

ಈ ಆಟದಲ್ಲಿ ಒಂದು ಪದ್ಧತಿ ಇದೆ. ಯಾರದಾದರೂ ಬಂದೂಕು ಕೆಟ್ಟರೆ ಅವರು ಕೇಳಬೇಕಾಗಿಲ್ಲ. ಹೊಂದುವಂಥದ್ದು ಇರುವವರು ತಾವೇ ಮುಂದೆ ಬಂದು ಕೊಡುತ್ತಾರೆ. ವಾಲ್ಟ್ ಹೊಸಬರಿಗೆಲ್ಲ ಹೇಳುವ ಕಥೆಯೊಂದಿದೆ. ಬೇಲಿಯ ವಿಷಯಕ್ಕೆ ತನ್ನನ್ನು ಕೋರ್ಟಿಗೆ ಎಳೆದಿದ್ದ ಪಕ್ಕದ ಮನೆಯವನೇ ವಾಲ್ಟ್‌ನ ಪಿಸ್ತೂಲು ಕೆಟ್ಟ ದಿನ ತನ್ನದನ್ನು ಸೊಂಟದಿಂದ ಬಿಚ್ಚಿ ಕೊಟ್ಟನಂತೆ, ಸೋಮವಾರ ಮತ್ತೆ ಕೋರ್ಟಿಗೆ ಬಂದನಂತೆ. ಕೊಡುವುದಿಲ್ಲ ಎಂದವರನ್ನು ನಾನು ಅಲ್ಲಿ ಕಂಡಿರಲಿಲ್ಲ.

ಮಾಧುರಿಯ ತೋಟಾ ಅಳತೆಗೆ ಹೊಂದುವ ರೈಫಲ್ ನಮ್ಮ ಗುಂಪಿನಲ್ಲಿ ನನ್ನದೊಂದೇ. ವಾಲ್ಟ್ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ಮಾಧುರಿ ಮಾತ್ರ ನೆಲ ನೋಡುತ್ತಿದ್ದಳು.

"ರಂಜನಿದು ತಗೊಳ್ಳಿ," ಎಂದರು ವ್ಯಾಸರಾಜ, ಎಷ್ಟೋ ದಿನದಿಂದ ನಾನು ಕೇಳಿರದ ದನಿಯಲ್ಲಿ. "ನಾನೇ ಟ್ಯೂನ್ ಮಾಡಿದೀನಿ. ನಿಮ್ಮ ಕೈಗೆ ಸಿಕ್ಕರೆ ಹಾರುತ್ತೆ ಅದು."

ಅದೇ ನನ್ನ ಭಯ. ಮಾಧುರಿಯ ಬೆರಳು ಲಿವರ್ ಜೊತೆ ಓಡುತ್ತದೆ, ಕೆಲವೊಮ್ಮೆ ಲಿವರಿಗಿಂತ ಮುಂದೆ. ಅವಳ ರೈಫಲಿನಲ್ಲಿ ಆ ಸ್ಪ್ರಿಂಗ್ ಅವಳನ್ನು ಪ್ರತಿ ಗುಂಡಿಗೂ ಕಾಯುತ್ತಿತ್ತು.

ಬಂದೂಕು ಸಾಗಿಸುವ ಕೈಗಾಡಿಯಲ್ಲಿ ನಿಲ್ಲಿಸಿದ ರೈಫಲನ್ನು ಅಲ್ಲೇ ಪರೀಕ್ಷಿಸುವಂತಿರಲಿಲ್ಲ. ಗುಂಡು ಹೊಡೆಯಲು ನಿಲ್ಲುವ ಗೆರೆ ಬಿಟ್ಟು ಬೇರೆಲ್ಲಾದರೂ ಟ್ರಿಗರ್ ಮುಟ್ಟಿದವರನ್ನು ಆ ದಿನಕ್ಕೆ ಮನೆಗೆ ಕಳಿಸುತ್ತಾರೆ. ಏನೋ ಸರಿಯಿಲ್ಲ ಎಂದರೆ ವಾಲ್ಟ್ ಮೇಜಿನ ಮೇಲಿಟ್ಟು ನೋಡುತ್ತಾನೆ. ಸ್ಪ್ರಿಂಗ್ ಇಲ್ಲವೆಂದು ಕಂಡರೆ ಮುಂದಿನ ಪ್ರಶ್ನೆ, ಯಾರು ಬಿಚ್ಚಿದ್ದು ಎಂಬುದು. ಅದಕ್ಕೆ ಉತ್ತರ ಈಗಷ್ಟೇ ಅವರೇ ಎಲ್ಲರೆದುರು ಹೆಮ್ಮೆಯಿಂದ ಹೇಳಿದ್ದರು. ಆಮೇಲೆ ಆ ಮೇಜಿನ ಬಳಿ ಯಾರೂ ಬರುವುದಿಲ್ಲ.

ಅವರು ರೈಫಲಿಗೆ ಕೈಚಾಚಿದರು. ನಾನು ಅದರ ಮೇಲೆ ಕೈಯಿಟ್ಟೆ.

"ಬೇಡ."

"ಏನು ಬೇಡ?"

"ಕೊಡಲ್ಲ. ನನ್ನದು ಅದು."

ವ್ಯಾಸರಾಜ ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ರಂಜು, ಎಲ್ಲಾರೂ ನೋಡ್ತಿದಾರೆ."

"ನೋಡಲಿ."

"ಬ್ಯಾಡ ಬಿಡ್ರಿ," ಎಂದಳು ಮಾಧುರಿ. "ಅವರ ಮನಿ ಬಂದೂಕು ಮುಟ್ಟಿದ್ರ ನನ್ನ ಕೈ ಹೊಲಸ ಆಕ್ಕಾವ." ಆಮೇಲೆ, ದನಿ ತಗ್ಗಿಸಿ, ನನಗೊಬ್ಬಳಿಗೇ, "ಅಕ್ಕಾರ ಅಂತ ಕರದಿದ್ದೆ ನಾ ನಿಮ್ಮನ್ನ. ಅವರು ಬೆರಳು ಎತ್ತಿದಾಗ ನಿಮಗೂ ಖುಷಿ ಆಗಿತ್ತು ಅಲ್ಲ? ಈಗ ತಿಳೀತು."

ನನಗೆ ಖುಷಿಯಾಗಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದರೆ ಉಳಿದದ್ದೂ ಬರುತ್ತಿತ್ತು. ರೈಫಲಿನ ಮೇಲಿನ ಕೈ ತೆಗೆಯಲಿಲ್ಲ.

"ಗಂಡ ಎಣಿಸ್ತಾನ, ಹೆಂಡ್ತಿ ಬಚ್ಚಿಡ್ತಾಳ," ಎಂದ ಶಿವರಾಜ. "ಚಲೋ ಜೋಡಿ."

ಪ್ರತಿ ಸುತ್ತಿನಲ್ಲೂ ಪಿಸ್ತೂಲು, ರೈಫಲ್ ಎರಡರಲ್ಲೂ ಹೊಡೆಯಬೇಕು. ಮಾಧುರಿ ಪಿಸ್ತೂಲುಗಳಲ್ಲಷ್ಟೇ ಹೊಡೆದಳು. ರೈಫಲಿನ ಗುರಿಗಳೆಲ್ಲ ತಪ್ಪಿದವೆಂದೇ ಲೆಕ್ಕವಾಗಿ ಪಟ್ಟಿಯ ಕೊನೆಗೆ ಬಿದ್ದಳು. ಸುತ್ತು ಮುಗಿದ ಮೇಲೆ ನೆಲದ ಮೇಲಿನ ಖಾಲಿ ತೋಟಾಗಳನ್ನು ಎಲ್ಲರೂ ಸೇರಿ ಹೆಕ್ಕುವುದು ರೂಢಿ. ನಾನು ಬಗ್ಗಿದ ಕಡೆಯಿಂದ ಜನ ಒಬ್ಬೊಬ್ಬರಾಗಿ ಸರಿದರು. ವಾಲ್ಟ್ ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದ. ಅವನ ಮಾತಿನಲ್ಲಿ ಸೌಜನ್ಯವಿತ್ತು, ಅಷ್ಟೇ.

ವಾಪಸು ಬರುವಾಗ ವ್ಯಾಸರಾಜ, ಮನೆಯ ತಿರುವಿನಲ್ಲಿ, "ಅವರಿಗೆಲ್ಲ ನಾನು ರಿಪೇರಿ ಮಾಡಿಕೊಡ್ತೀನಿ. ನಾಳೆ ಯಾವ ಮುಖ ಇಟ್ಕೊಂಡು ಆ ಮೇಜಿನ ಮುಂದೆ ಕೂರಲಿ?" ಎಂದರು.

ಅವರು ಸ್ನಾನಕ್ಕೆ ಹೋದಾಗ ಗ್ಯಾರೇಜಿನ ಬಾಗಿಲು ಹಾಕಿಕೊಂಡೆ. ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿದೆ. ಲಿವರನ್ನು ಮುಕ್ಕಾಲು ಮುಚ್ಚಿ, ಬೆರಳಿನಗಲ ಸಂದು ಬಿಟ್ಟು, ಟ್ರಿಗರ್ ಒತ್ತಿದೆ. ಹ್ಯಾಮರ್ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಬಿತ್ತು. ಮೇಜಿನ ಮೇಲಿನ ತಟ್ಟೆಯಲ್ಲಿ ಸ್ಪ್ರಿಂಗ್ ಎಣ್ಣೆ ಹಚ್ಚಿಸಿಕೊಂಡು ಮಲಗಿತ್ತು.

ಮಾಧುರಿಯ ಮುಖ ಕಣ್ಣಮುಂದೆ ಬಂತು, ಸಿಟ್ಟಿನಿಂದ ಕೆಂಪಾಗಿದ್ದರೂ ಒಂದು ಗೀರೂ ಇಲ್ಲದ ಮುಖ. ಫೋನು ಕೈಯಲ್ಲೇ ಇತ್ತು. ಅವಳಿಗೊಂದು ಸಾಲು ಬರೆದರೆ ಸಾಕಿತ್ತು, ನಾಳೆ ನಾನು ಮತ್ತೆ ಅಕ್ಕಾರ ಆಗುತ್ತಿದ್ದೆ.

ಫೋನನ್ನು ಪಕ್ಕಕ್ಕಿಟ್ಟೆ. ವ್ಯಾಸರಾಜ ಸ್ಪ್ರಿಂಗ್ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಡಿಯ ಸ್ಕ್ರೂ ಬಿಚ್ಚಿ, ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂರಿಸಿ, ಬಿಗಿದೆ. ಸಂದು ಬಿಟ್ಟು ಒತ್ತಿದರೆ ಟ್ರಿಗರ್ ಅಲುಗಲಿಲ್ಲ. ಇನ್ನು ಮುಂದೆ ಈ ಮನೆಯಿಂದ, ಆ ಟೆಂಟಿನಿಂದ ಹೊರಗೆ ಹೋಗುವ ಪ್ರತಿ ಬಂದೂಕಿನ ಲಿವರನ್ನು ಯಾವುದಾದರೊಂದು ನೆಪ ಮಾಡಿ ನಾನೇ ಒಮ್ಮೆ ಎಳೆದು ನೋಡಬೇಕು.

ರಾತ್ರಿ ಊಟದ ಹೊತ್ತಿಗೆ ವಾಲ್ಟ್ ಫೋನ್ ಮಾಡಿದ. ವ್ಯಾಸರಾಜ ಹಿತ್ತಲಿಗೆ ಹೋಗಿ ಮಾತಾಡಿ ಬಂದರು.

"ನಾನು ಬರಬಹುದಂತೆ. ನೀನು ಸ್ವಲ್ಪ ದಿನ ಬರದೇ ಇದ್ರೆ ಒಳ್ಳೇದಂತೆ." ಅವರು ತಟ್ಟೆಯನ್ನು ದೂರ ತಳ್ಳಿದರು. "ಒಂದು ಕಾರಣ ಆದ್ರೂ ಹೇಳು ನನಗೆ. ಅಷ್ಟು ವಿಷ ಯಾಕೆ ನಿನಗೆ ಅವಳ ಮೇಲೆ?"

ಅವರ ಬೆರಳುಗಳ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪು ಇತ್ತು. ಮುಂದಿನ ತಿಂಗಳು ಆ ಮೇಜಿನ ಮುಂದೆ ಅವರು ಕೂರುತ್ತಾರೆ, ಜನ ಬರುತ್ತಾರೆ. ಅವರ ಬಂದೂಕುಗಳ ಲಿವರ್ ಎಳೆದು ನೋಡಲು ನಾನು ಅಲ್ಲಿರುವುದಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಬೇಕಿತ್ತು, ಮೊದಲು ವಾಲ್ಟ್‌ನ ಕಾಲು ಹಿಡಿದಾದರೂ ಒಳಗೆ ಹೋಗಬೇಕಿತ್ತು.

"ಅವಳಿಗೆ ಕೊಡೋಕೆ ಮನಸ್ಸು ಬರಲಿಲ್ಲ," ಎಂದೆ.

ಅವರು ನನ್ನನ್ನು ಅಪರಿಚಿತಳಂತೆ ನೋಡಿ ಎದ್ದುಹೋದರು. ಇನ್ನು ನಾನು ಹೇಳುವ ಕಾರಣ ಇದೇ ಎಂದು ತೀರ್ಮಾನಿಸಿದೆ. ಮಾಧುರಿ ಕೇಳಿದರೂ ಇದೇ, ವಾಲ್ಟ್ ಕೇಳಿದರೂ ಇದೇ. ಇವರಿಗೂ ಇದೇ.